ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ 84 ಬಂದಿದೆ, ಮನೆಯಲ್ಲಿ ಮೂರು ತಿಂಗಳ ಮಗು ಇದೆ. ಏನು ಮಾಡಲಿ?

ಹೊಲದಂಚು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಲದ ಮಧ್ಯದಲ್ಲೇ ಇದೆ. ಕುಡಿಯೋಕೆ, ಅಡುಗೆಗೆ, ದನಕ್ಕೆ ಎಲ್ಲದಕ್ಕೂ ಒಂದೇ ಬೋರ್‌ವೆಲ್. ನೀರು ತಿಳಿಯಾಗಿದೆ, ವಾಸನೆ ಇಲ್ಲ, ರುಚಿಯೂ ಚೆನ್ನಾಗಿದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಅನ್ನೋದೊಂದೇ ತಕರಾರು. ಅದು ಏನು ಅಂತ ತಿಳಿಯೋಣ ಎಂದು ನೀರನ್ನು ಪರೀಕ್ಷೆಗೆ ಕೊಟ್ಟೆ. ವರದಿ ನೋಡಿ ಬೇರೆಯೇ ಚಿಂತೆ ಹತ್ತಿಕೊಂಡಿದೆ.

ವರದಿಯಲ್ಲಿ ಇರುವುದು ಇಷ್ಟು (ಪಿಎಚ್, ಈಸಿ ಬಿಟ್ಟು ಉಳಿದದ್ದು ಲೀಟರಿಗೆ ಮಿ.ಗ್ರಾಂ ಲೆಕ್ಕ): ಪಿಎಚ್ 7.4, ಈಸಿ (ವಿದ್ಯುತ್ ಹರಿಸುವ ಗುಣ) 1200, ಟಿಡಿಎಸ್ (ಕರಗಿರುವ ಲವಣಗಳ ಒಟ್ಟು) 780, ಒಟ್ಟು ಗಡಸುತನ 410, ಕ್ಯಾಲ್ಸಿಯಂ 92, ಮೆಗ್ನೀಸಿಯಂ 44, ಸೋಡಿಯಂ 85, ಪೊಟ್ಯಾಸಿಯಂ 4, ಬೈಕಾರ್ಬನೇಟ್ 366, ಕ್ಲೋರೈಡ್ 110, ಸಲ್ಫೇಟ್ 72, ಫ್ಲೋರೈಡ್ 0.8, ನೈಟ್ರೇಟ್ 84.

ನೈಟ್ರೇಟ್ ಮುಂದೆ ಕೆಂಪು ಗುರುತು ಹಾಕಿದ್ದಾರೆ, ಅದು ಬಿಟ್ಟು ಒಂದು ಮಾತೂ ಬರೆದಿಲ್ಲ. ಕಾರ್ಬನ್ ಮತ್ತು ಯುವಿ ಇರುವ ಫಿಲ್ಟರ್ ಹಾಕಿಸಿದ್ದೇವೆ. ಅದನ್ನು ಕೂರಿಸಲು ಬಂದವರು ಒಂದು ಟಿಡಿಎಸ್ ಪೆನ್ನು ಅದ್ದಿ "ಸಾವಿರದ ಒಳಗಿದೆ, ಏನೂ ತೊಂದರೆ ಇಲ್ಲ" ಅಂದಿದ್ದರು. ಮಗುವಿಗೆ ಬಾಟಲಿ ಹಾಲು, ಪುಡಿ ಕಲಸಿ ಕೊಡುತ್ತೇವೆ. ಅದಕ್ಕೆ ಈ ನೀರನ್ನೇ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಹಾಕುತ್ತೇವೆ. ಕುದಿಸಿದರೆ ಸಾಕಲ್ವಾ? ಇನ್ನೊಂದು, ಕೆಲವು ಕಡೆ ಮಿತಿ 10 ಅಂತ ಓದಿದೆ, ಕೆಲವು ಕಡೆ 45, 50 ಅಂತ ಇದೆ. 84 ಅಂದರೆ ಸ್ವಲ್ಪ ಜಾಸ್ತಿಯೋ ಎಂಟು ಪಟ್ಟು ಜಾಸ್ತಿಯೋ ಅಂತಲೇ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಬೀಕರ್

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಿಕ್ಕ ವಿಷಯ ಆಮೇಲೆ, ಮೊದಲು ಮಗು. ಈ ಹೊತ್ತಿನಿಂದಲೇ ಮಗುವಿನ ಹಾಲಿಗೆ ಆ ನೀರನ್ನು ಬಳಸಬೇಡಿ. ಕುದಿಸಿಯೂ ಬೇಡ. ನೈಟ್ರೇಟ್ ಕಡಿಮೆ ಇದೆ ಅಂತ ಖಾತ್ರಿಯಾಗಿ ಗೊತ್ತಿರುವ ನೀರು ತನ್ನಿ, ಅದನ್ನು ಒಂದು ಕುದಿ ಬರಿಸಿ ಆರಿಸಿ ಬಳಸಿ.

ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಇಟ್ಟು ಹದಿನೈದು ನಿಮಿಷ ಕುದಿಸಿ ಮುಕ್ಕಾಲು ಲೀಟರ್ ಉಳಿಯಿತು ಅಂದುಕೊಳ್ಳಿ. ಅದೇ 84 ಮಿ.ಗ್ರಾಂ ಈಗ ಮುಕ್ಕಾಲು ಲೀಟರಿನಲ್ಲಿದೆ, ಅಂದರೆ ಲೀಟರಿಗೆ 112. ಚೆನ್ನಾಗಿ ಕುದಿಸಿದಷ್ಟೂ ಜಾಸ್ತಿಯಾಗುತ್ತದೆ. ಇನ್ನೂ ಮೋಸ ಹೋಗುವ ಸಂಗತಿ ಏನೆಂದರೆ, ನಿಮ್ಮದು ಗಡಸು ನೀರು, ಕುದಿಸಿದಾಗ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಸೇರಿ ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ (ನೀವು ಹೇಳಿದ ಬಿಳಿ ಪೊರೆ ಅದೇ), ಹಾಗಾಗಿ ಕುದಿಸಿ ಆರಿಸಿದ ನೀರಿಗೆ ಟಿಡಿಎಸ್ ಪೆನ್ನು ಅದ್ದಿದರೆ ಅಂಕಿ ಮೊದಲಿಗಿಂತ ಕಡಿಮೆ ತೋರಿಸಬಹುದು. ನೀರು ಶುದ್ಧವಾಯಿತು ಅಂತ ಅನಿಸುತ್ತದೆ, ಒಳಗೆ ನೈಟ್ರೇಟ್ ಏರಿರುತ್ತದೆ. ಟಿಡಿಎಸ್ ಪೆನ್ನು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುತ್ತದೆ, ಅಷ್ಟೇ. ಹರಿಸುತ್ತಿರುವುದು ಸುಣ್ಣವೋ ನೈಟ್ರೇಟೋ ಅದಕ್ಕೆ ತಿಳಿಯದು. ಕಾರ್ಬನ್ ಫಿಲ್ಟರ್ ವಾಸನೆ, ಕ್ಲೋರಿನ್, ಕೆಲವು ಕೀಟನಾಶಕಗಳನ್ನು ಹಿಡಿಯುತ್ತದೆ, ಯುವಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಎರಡೂ ನೈಟ್ರೇಟನ್ನು ಮುಟ್ಟುವುದಿಲ್ಲ.

ಮಗುವಿಗೇ ಯಾಕೆ ಇಷ್ಟು ಭಯ ಅಂದರೆ, ಎಳೆ ಮಕ್ಕಳ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಬ್ಯಾಕ್ಟೀರಿಯಾಗಳು ಅಲ್ಲಿ ಸುಲಭವಾಗಿ ಬೆಳೆದು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಒಳಗಿನ ಕಬ್ಬಿಣದ ಸ್ಥಿತಿಯನ್ನೇ ಬದಲಿಸುತ್ತದೆ, ಆಮೇಲೆ ಆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದಿಲ್ಲ. ದೊಡ್ಡವರ ರಕ್ತದಲ್ಲಿ ಇದನ್ನು ಸರಿಪಡಿಸುವ ಕಿಣ್ವ ಸಾಕಷ್ಟಿದೆ, ಆರು ತಿಂಗಳೊಳಗಿನ ಮಗುವಿನಲ್ಲಿ ಕಡಿಮೆ. ಅದರ ಮೇಲೆ ಬಾಟಲಿ ಹಾಲಿನ ಮಗು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ತುಂಬಾ ಜಾಸ್ತಿ ನೀರು ಕುಡಿಯುತ್ತದೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹೊಲದ ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿದು ನೀಲಿಗಟ್ಟಿದ ಮಕ್ಕಳ ಬಗ್ಗೆ ಬರೆದರು. ಕಾರಣ ಬಾವಿಯ ನೈಟ್ರೇಟ್ ಎಂದು ಗುರುತಿಸಿದ್ದು ಆಗಲೇ. ಈಗಿನ ಮಿತಿಗಳೆಲ್ಲ ಅಂಥ ಮಕ್ಕಳನ್ನು ಕಾಪಾಡಲಿಕ್ಕೆಂದೇ ಇಟ್ಟಿರುವುದು.

ಮಗುವಿನ ತುಟಿ, ಉಗುರು, ಬಾಯಿಯ ಸುತ್ತ ನೀಲಿ ಅಥವಾ ಬೂದು ಬಣ್ಣ ಕಂಡರೆ, ಸುಸ್ತಾಗಿ ಹಾಲು ಕುಡಿಯದೆ ಮಲಗಿದರೆ, ಏದುಸಿರು ಬಿಟ್ಟರೆ ತಕ್ಷಣ ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ "ಮನೆ ನೀರಿನಲ್ಲಿ ನೈಟ್ರೇಟ್ ಇದೆ" ಅಂತ ಬಾಯಿಬಿಟ್ಟು ಹೇಳಿ. ಇದಕ್ಕೆ ಚಿಕಿತ್ಸೆ ಇದೆ, ಆದರೆ ವೈದ್ಯರಿಗೆ ಆ ದಿಕ್ಕು ಹೊಳೆಯಬೇಕು. ಮಗುವಿಗೆ ಭೇದಿ ಇದ್ದರೆ ಇನ್ನೂ ಹುಷಾರು. ತಾಯಿ ಹಾಲನ್ನೂ ಕೊಡುತ್ತಿದ್ದರೆ ಅದನ್ನು ನಿಲ್ಲಿಸಬೇಡಿ, ತಾಯಿಯ ಹಾಲಿಗೆ ನೈಟ್ರೇಟ್ ಅಷ್ಟಾಗಿ ಇಳಿಯುವುದಿಲ್ಲ.

ಈಗ 10, 45, 50ರ ಗೊಂದಲ. ನೈಟ್ರೇಟನ್ನು ಎರಡು ಥರ ಬರೆಯುತ್ತಾರೆ. ಇಡೀ ನೈಟ್ರೇಟಿನ ತೂಕ ಬರೆಯುವುದು ಒಂದು ರೂಢಿ, ಅದರೊಳಗಿನ ನೈಟ್ರೋಜನ್ ತೂಕ ಮಾತ್ರ ಬರೆಯುವುದು ಇನ್ನೊಂದು. ನೈಟ್ರೋಜನ್ ಲೆಕ್ಕದ ಅಂಕಿಯನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಲೆಕ್ಕ ಬರುತ್ತದೆ. ಅಮೆರಿಕದ ಮಿತಿ ನೈಟ್ರೋಜನ್ ಲೆಕ್ಕದಲ್ಲಿ 10, ಅದು ನೈಟ್ರೇಟ್ ಲೆಕ್ಕದಲ್ಲಿ ಸುಮಾರು 44-45. ವಿಶ್ವ ಆರೋಗ್ಯ ಸಂಸ್ಥೆ ನೈಟ್ರೇಟ್ ಲೆಕ್ಕದಲ್ಲಿ 50 ಅನ್ನುತ್ತದೆ. ಹೆಚ್ಚುಕಡಿಮೆ ಎಲ್ಲ ಒಂದೇ ಗೆರೆ.

ಹಾಗಾದರೆ ನಿಮ್ಮ 84 ಯಾವ ಲೆಕ್ಕದ್ದು? ವರದಿ ಹೇಳಿಲ್ಲ, ಆದರೆ ನಿಮ್ಮ ವರದಿಯಿಂದಲೇ ಅದನ್ನು ಹೊರಗೆಳೆಯಬಹುದು. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು, ಸ್ವಲ್ಪ ತಾಳ್ಮೆಯಿಂದ ಓದಿ. ನೀರಿನಲ್ಲಿ ಕರಗಿರುವ ಅಯಾನುಗಳ (ವಿದ್ಯುದಂಶ ಇರುವ ಕಣಗಳ) ಪ್ಲಸ್ ಅಂಶವೂ ಮೈನಸ್ ಅಂಶವೂ ಸಮ ಆಗಲೇಬೇಕು. ಪ್ರತಿ ಅಂಕಿಯನ್ನೂ ಅದರದೇ ಒಂದು ಸಂಖ್ಯೆಯಿಂದ ಭಾಗಿಸಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಪ್ಲಸ್ ಕಡೆ: ಕ್ಯಾಲ್ಸಿಯಂ 92 ಭಾಗಿಸು 20, ಅದು 4.6. ಮೆಗ್ನೀಸಿಯಂ 44 ಭಾಗಿಸು 12.15, 3.6. ಸೋಡಿಯಂ 85 ಭಾಗಿಸು 23, 3.7. ಪೊಟ್ಯಾಸಿಯಂ 0.1. ಕೂಡಿದರೆ 12. ಮೈನಸ್ ಕಡೆ: ಬೈಕಾರ್ಬನೇಟ್ 366 ಭಾಗಿಸು 61, 6. ಕ್ಲೋರೈಡ್ 110 ಭಾಗಿಸು 35.5, 3.1. ಸಲ್ಫೇಟ್ 72 ಭಾಗಿಸು 48, 1.5. ಇಲ್ಲಿಗೆ 10.6 ಆಯಿತು. 84 ಅನ್ನುವುದು ನೈಟ್ರೇಟ್ ಲೆಕ್ಕವಾದರೆ 62ರಿಂದ ಭಾಗಿಸಬೇಕು, 1.35 ಬರುತ್ತದೆ, ಒಟ್ಟು 12ಕ್ಕೆ ಸರಿಹೋಗುತ್ತದೆ. ನೈಟ್ರೋಜನ್ ಲೆಕ್ಕವಾಗಿದ್ದರೆ 14ರಿಂದ ಭಾಗಿಸಬೇಕಿತ್ತು, 6 ಬಂದು ಒಟ್ಟು 16.6 ಆಗುತ್ತಿತ್ತು, ತಕ್ಕಡಿ ಒಂದೇ ಕಡೆ ವಾಲುತ್ತಿತ್ತು. ಆದ್ದರಿಂದ ನಿಮ್ಮದು ನೈಟ್ರೇಟ್ ಲೆಕ್ಕದ 84. ಮಿತಿಗಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು, ಎಂಟು ಪಟ್ಟಲ್ಲ. ಪರೀಕ್ಷೆ ಮಾಡಿದವರು ಅಂಕಿಗಳನ್ನು ಜಾಗ್ರತೆಯಿಂದ ತೆಗೆದಿದ್ದಾರೆ ಅಂತಲೂ ಇದರಿಂದ ಗೊತ್ತಾಗುತ್ತದೆ. ಎರಡು ಕಡೆ ನೂರಕ್ಕೆ ಐದರೊಳಗೆ ಹೊಂದದಿದ್ದರೆ ಆ ವರದಿಯನ್ನು ನಾನು ನಂಬುವುದಿಲ್ಲ.

ವರದಿಯಲ್ಲಿ ಇ.ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆ ಕಾಣುತ್ತಿಲ್ಲ. ಅದನ್ನು ಮಾಡಿಸಿ. ಪ್ರಯೋಗಾಲಯದವರು ಕೊಡುವ ಸ್ಟೆರೈಲ್ ಬಾಟಲಿಯಲ್ಲೇ ಹಿಡಿಯಿರಿ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ, ಐಸ್ ಜೊತೆ ಇಟ್ಟು ಅದೇ ದಿನ ತಲುಪಿಸಿ. ನೈಟ್ರೇಟ್‌ಗೂ ನೀರು ತಣ್ಣಗಿರಬೇಕು, ಎರಡು ದಿನದೊಳಗೆ ಪರೀಕ್ಷೆಯಾಗಬೇಕು. ಬಿಸಿಲಲ್ಲಿ ಮೂರು ದಿನ ಗಾಡಿಯ ಚೀಲದಲ್ಲಿದ್ದ ನೀರು ತಂದುಕೊಡುವವರು ಎಷ್ಟೋ ಜನ, ಅಷ್ಟರಲ್ಲಿ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳು ಅಂಕಿಯನ್ನೇ ಬದಲಿಸಿರುತ್ತವೆ.

ಹಳೇ ಬಾವಿ

ನಮ್ಮ ಮನೆಯಲ್ಲಿ ಮೂರು ತಲೆಮಾರು ಹೊಲದ ಬಾವಿ ನೀರನ್ನೇ ಕುಡಿದು ಬೆಳೆದಿದ್ದೇವೆ. ಯಾರಿಗೂ ಏನೂ ಆಗಿಲ್ಲ. ಈಗ ಪ್ರತಿಯೊಂದಕ್ಕೂ ಪರೀಕ್ಷೆ, ಪ್ರತಿಯೊಂದಕ್ಕೂ ಮಿಷನ್. ಮಗುವಿನ ವಿಷಯ ಸರಿ, ಹುಷಾರಾಗಿರಲಿ, ಅದು ಬೇಡ ಅನ್ನುತ್ತಿಲ್ಲ. ದೊಡ್ಡವರು ಕುಡಿದರೆ ಏನಾಗುತ್ತದೆ ಅಂತ ಯಾರಾದರೂ ನೇರವಾಗಿ ಹೇಳಿ.

ಬೀಕರ್

ಹಳೇ ಬಾವಿ ಅವರೇ, ನೇರವಾಗಿಯೇ ಹೇಳುತ್ತೇನೆ. ಆರೋಗ್ಯವಾಗಿರುವ ದೊಡ್ಡವರು 84ರ ನೀರು ಕುಡಿದರೆ ನಾಳೆ ಬೆಳಗ್ಗೆ ಏನೂ ಆಗುವುದಿಲ್ಲ. ಸೊಪ್ಪು ತರಕಾರಿಯಲ್ಲೂ ನೈಟ್ರೇಟ್ ಬೇಕಾದಷ್ಟಿದೆ, ಆದರೆ ಅದರ ಜೊತೆ ಸಿ ವಿಟಮಿನ್ ಮುಂತಾದವೂ ಇದ್ದು ಕೆಟ್ಟ ರಾಸಾಯನಿಕ ಆಗುವುದನ್ನು ತಡೆಯುತ್ತವೆ. ನೀರಿನ ಜೊತೆ ಆ ಕಾವಲು ಇಲ್ಲ.

ದೀರ್ಘಕಾಲದ ಪ್ರಶ್ನೆಯೇ ಬೇರೆ. ನೈಟ್ರೈಟ್ ಹೊಟ್ಟೆಯಲ್ಲಿ ಕೆಲವು ಪದಾರ್ಥಗಳ ಜೊತೆ ಸೇರಿ ನೈಟ್ರೋಸೋ ಸಂಯುಕ್ತಗಳಾಗಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ದೇಹದೊಳಗೆ ಹೀಗೆ ಆಗುವಂಥ ಸಂದರ್ಭದಲ್ಲಿ ಸೇವಿಸಿದ ನೈಟ್ರೇಟ್ ಮತ್ತು ನೈಟ್ರೈಟ್ ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇದೆ ಎಂಬ ಗುಂಪಿನಲ್ಲಿ ಇಟ್ಟಿದೆ. ಡೆನ್ಮಾರ್ಕಿನಲ್ಲಿ ಸುಮಾರು 27 ಲಕ್ಷ ಜನರ ಕುಡಿಯುವ ನೀರಿನ ದಾಖಲೆ ನೋಡಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಿತಿಗಿಂತ ತುಂಬಾ ಕೆಳಗಿನ ನೈಟ್ರೇಟ್‌ಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ನಂಟು ಕಂಡಿತು. ನಂಟು ಕಂಡ ಮಾತ್ರಕ್ಕೆ ಅದೇ ಕಾರಣ ಅಂತ ಸಾಬೀತಾಗುವುದಿಲ್ಲ, ನಾನೂ ಹಾಗೆ ಹೇಳುತ್ತಿಲ್ಲ. ಆದರೆ 84ರ ನೀರನ್ನು ವರ್ಷಗಟ್ಟಲೆ ನಾನು ಕುಡಿಯುವುದಿಲ್ಲ, ಗರ್ಭಿಣಿಯರಿಗೆ ಖಂಡಿತ ಕೊಡುವುದಿಲ್ಲ.

ಮೂರು ತಲೆಮಾರಿನ ಮಾತು. ನಿಮ್ಮ ಅಜ್ಜ ಕುಡಿದ ನೀರೂ ನೀವು ಕುಡಿಯುತ್ತಿರುವ ನೀರೂ ಒಂದೇ ಬಾವಿಯದ್ದು, ಆದರೆ ಒಂದೇ ನೀರಲ್ಲ. ಅವರ ಕಾಲದಲ್ಲಿ ಹೊಲಕ್ಕೆ ಬೀಳುತ್ತಿದ್ದ ನೈಟ್ರೋಜನ್ ಎಷ್ಟು, ಈಗ ಎಷ್ಟು? ಒಂದು ಸಲ ಪರೀಕ್ಷೆ ಮಾಡಿಸಿ ನೋಡಿ. ಕಡಿಮೆ ಬಂದರೆ ನನಗೂ ಸಂತೋಷ.

ಎರೆಮಣ್ಣು

ನಾನು ರೈತ, ರಸಾಯನಶಾಸ್ತ್ರ ಓದಿದವನಲ್ಲ. ಆದರೆ ಇದೇ ತೊಂದರೆ ನಮ್ಮ ಬೋರ್‌ವೆಲ್‌ನಲ್ಲಿ ಬಂದಾಗ ಒಂದು ವರ್ಷ ಇದರ ಹಿಂದೆಯೇ ಬಿದ್ದಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ.

ಯೂರಿಯಾ ಚೀಲದ ಮೇಲೆ 46% ನೈಟ್ರೋಜನ್ ಅಂತ ಇರುತ್ತದೆ. ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನದಲ್ಲಿ ಅಮೋನಿಯಂ ಆಗುತ್ತದೆ. ಅಮೋನಿಯಂಗೆ ಪ್ಲಸ್ ಇದೆ, ಜೇಡಿಗೆ ಮೈನಸ್ ಇದೆ, ಅಂಟಿಕೊಂಡು ಕೂರುತ್ತದೆ. ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್‌ಗೂ ಮೈನಸ್ಸೇ. ಜೇಡಿ ಅದನ್ನು ಹಿಡಿಯಲ್ಲ. ಬೇರು ಹೀರಿದರೆ ಹೀರಿತು, ಇಲ್ಲದಿದ್ದರೆ ಮಳೆ ನೀರಿನ ಜೊತೆ ಜಾರಿ ಕೆಳಗೆ. ಕೊಟ್ಟಿಗೆ ಗೊಬ್ಬರದ ನೈಟ್ರೋಜನ್ನಿಗೂ ಕೊನೆಗೆ ಇದೇ ದಾರಿ, ಸಾವಯವ ಅಂತ ಅದು ಬೇರೆ ದಾರಿ ಹಿಡಿಯುವುದಿಲ್ಲ.

ಎಷ್ಟು ಜಾರಿದರೆ ನೀರು ಕೆಡುತ್ತದೆ ಅಂತ ಒಬ್ಬರು ನನಗೆ ಕೂತು ಲೆಕ್ಕ ಹಾಕಿ ತೋರಿಸಿದರು, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಹೊಲ. ವರ್ಷಕ್ಕೆ 100 ಮಿ.ಮೀ. ನೀರು ಅಂತರ್ಜಲಕ್ಕೆ ಇಂಗುತ್ತದೆ ಅಂತ ಇಟ್ಟುಕೊಳ್ಳಿ. ಅದು 10 ಲಕ್ಷ ಲೀಟರ್. ಅದಕ್ಕೆ 10 ಕೆ.ಜಿ. ನೈಟ್ರೋಜನ್ ಸೇರಿದರೆ ಲೀಟರಿಗೆ 10 ಮಿ.ಗ್ರಾಂ, ಮೇಲೆ ಬೀಕರ್ ಮೇಡಂ ಹೇಳಿದ ಮಿತಿ ಅಲ್ಲಿಗೆ ಮುಟ್ಟಿತು. 10 ಕೆ.ಜಿ. ನೈಟ್ರೋಜನ್ ಅಂದರೆ 22 ಕೆ.ಜಿ. ಯೂರಿಯಾ. ಐವತ್ತು ಕೆ.ಜಿ. ಚೀಲದಲ್ಲಿ ಅರ್ಧವೂ ಅಲ್ಲ! ಇಡೀ ಎರಡೂವರೆ ಎಕರೆಯಿಂದ ಅಷ್ಟು ಕೈಜಾರಿದರೆ ಸಾಕು. ನಾವು ಒಂದು ಮುಷ್ಟಿ ಜಾಸ್ತಿ ಇರಲಿ ಅಂತ ಎರಚುವಾಗ ಯಾವತ್ತೂ ಈ ಲೆಕ್ಕ ಮನಸ್ಸಿಗೆ ಬಂದಿರಲಿಲ್ಲ.

ಆದರೆ ಹೊಲದಂಚು ಅವರೇ, ಗೊಬ್ಬರದ ಮೇಲೆಯೇ ಎಲ್ಲ ಹಾಕಬೇಡಿ, ಮೊದಲು ಬೋರಿನ ಬಾಯಿ ನೋಡಿ. ನಮ್ಮದರಲ್ಲಿ ತೊಂದರೆ ಅಲ್ಲೇ ಇತ್ತು. ಕೇಸಿಂಗ್ ಪೈಪ್ (ಬೋರಿನ ಗೋಡೆ ಕುಸಿಯದಂತೆ ಇಳಿಸುವ ಪೈಪ್) ನೆಲದ ಮಟ್ಟಕ್ಕೇ ಕತ್ತರಿಸಿದ್ದರು, ಸುತ್ತ ಸಣ್ಣ ತಗ್ಗು, ಹತ್ತು ಹೆಜ್ಜೆ ಮೇಲೆ ತಿಪ್ಪೆ. ಮಳೆ ಬಂದ ದಿನ ಟಾರ್ಚ್ ಹಿಡಿದು ಹೋಗಿ ನೋಡಿದೆ. ತಿಪ್ಪೆಯಿಂದ ಚಹಾ ಬಣ್ಣದ ನೀರು ಸಣ್ಣ ಗೆರೆಯಾಗಿ ಹರಿದು ಬಂದು ಪೈಪಿನ ಪಕ್ಕದ ಬಿರುಕಿನಲ್ಲಿ ಗುಳುಗುಳು ಅಂತ ಇಳಿಯುತ್ತಿತ್ತು. ನೂರಾರು ಅಡಿ ಕೊರೆಸಿದ ಬೋರಿಗೆ ತಿಪ್ಪೆ ನೀರು ನೇರ ದಾರಿ ಮಾಡಿಕೊಂಡಿತ್ತು. ಪೈಪನ್ನು ಒಂದೂವರೆ ಅಡಿ ಎತ್ತರಿಸಿ, ಸುತ್ತ ಮಣ್ಣು ಅಗೆದು ಸಿಮೆಂಟ್ ತುಂಬಿಸಿ, ಹೊರಕ್ಕೆ ಇಳಿಜಾರಾಗಿ ಕಟ್ಟೆ ಹಾಕಿಸಿದೆ. ತಿಪ್ಪೆಯನ್ನು ಇಳಿಜಾರಿನ ಕೆಳಗಡೆ ದೂರ ಸಾಗಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೈಟ್ರೇಟ್ ಅರ್ಧಕ್ಕಿಂತ ಕೆಳಗೆ ಇಳಿಯಿತು.

ನಿಮ್ಮಲ್ಲೂ ಹೀಗೇ ಇದೆಯಾ ಅಂತ ತಿಳಿಯಲು ನೈಟ್ರೇಟ್ ಅಳೆಯುವ ಸಣ್ಣ ಕಾಗದದ ಪಟ್ಟಿ ತರಿಸಿಕೊಳ್ಳಿ, ಅದ್ದಿದರೆ ಗುಲಾಬಿ ಬಣ್ಣ ಬರುತ್ತದೆ, ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸುವುದು. ಬೆಳಗ್ಗೆ ಮೋಟರ್ ಹಾಕಿದ ಮೊದಲ ನಿಮಿಷದ ನೀರಿಗೆ ಒಂದು, ಒಂದು ಗಂಟೆ ಓಡಿದ ಮೇಲೆ ಒಂದು. ಮೊದಲಿನದು ಜಾಸ್ತಿ ಇದ್ದು ಆಮೇಲೆ ಇಳಿದರೆ ಪೈಪಿನ ಪಕ್ಕದಿಂದಲೋ ಮೇಲಿನ ಪದರದಿಂದಲೋ ನುಗ್ಗುತ್ತಿದೆ ಅಂತ ಅನುಮಾನ ಪಡಬಹುದು. ಕೊನೆಯವರೆಗೂ ಒಂದೇ ಇದ್ದರೆ ಸುತ್ತಲಿನ ಅಂತರ್ಜಲವೇ ಹಾಗಾಗಿದೆ ಅಂತ ಅರ್ಥ.

ಇನ್ನೊಂದು ಮಾತು. ಅದೇ ನೀರನ್ನು ಬೆಳೆಗೂ ಬಿಡುತ್ತೀರಲ್ವಾ? 84 ನೈಟ್ರೇಟ್ ಅಂದರೆ ಲೀಟರಿಗೆ 19 ಮಿ.ಗ್ರಾಂ ನೈಟ್ರೋಜನ್. ಒಂದು ಹೆಕ್ಟೇರಿಗೆ 100 ಮಿ.ಮೀ. ನೀರು ಹಾಯಿಸಿದರೆ 19 ಕೆ.ಜಿ. ನೈಟ್ರೋಜನ್ ಹೋಯಿತು, 41 ಕೆ.ಜಿ. ಯೂರಿಯಾಕ್ಕೆ ಸಮ. ಅಷ್ಟನ್ನು ಚೀಲದಿಂದ ಕಡಿಮೆ ಮಾಡಿ. ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ, ಬೇರು ಹೀರುವ ಹೊತ್ತಿಗೆ ಕೊಡಿ, ಜೋರು ಮಳೆಯ ಹಿಂದಿನ ದಿನ ಬೇಡ. ಕೊಯ್ಲಾದ ಮೇಲೆ ನೆಲವನ್ನು ಬರಿದಾಗಿ ಬಿಟ್ಟರೆ ಉಳಿದ ನೈಟ್ರೇಟೆಲ್ಲ ಮುಂದಿನ ಮಳೆಗೆ ಕೆಳಗೆ ಹೋಗುತ್ತದೆ, ಏನಾದರೂ ಹಸಿರು ಬಿತ್ತಿ ಇಡಿ.

ಹೊಲದಂಚು

ತುಂಬಾ ಧನ್ಯವಾದ ಮೇಡಂ, ಅಣ್ಣ. ಓದಿದ ಕೂಡಲೇ ಮಗುವಿನ ಹಾಲಿಗೆ ಬೇರೆ ನೀರು ತರಿಸಿದೆವು. ಮಗು ಚೆನ್ನಾಗಿದೆ, ತುಟಿ ಉಗುರು ಎಲ್ಲ ಕೆಂಪಗಿದೆ, ವೈದ್ಯರಿಗೂ ತೋರಿಸಿ ಬಂದೆ. ನನ್ನವಳು ಅತ್ತುಬಿಟ್ಟಳು, ಇಷ್ಟು ದಿನ ಜಾಸ್ತಿ ಕುದಿಸಿದಷ್ಟು ಒಳ್ಳೆಯದು ಅಂತ ಅವಳೇ ಒಲೆ ಮುಂದೆ ನಿಲ್ಲುತ್ತಿದ್ದಳು.

ನಮ್ಮ ಬೋರಿನಿಂದ ಕೊಟ್ಟಿಗೆ ಹದಿನೈದು ಹೆಜ್ಜೆ. ಮನೆಯ ಶೌಚದ ಗುಂಡಿ ಇನ್ನೊಂದು ಕಡೆ, ಅದೂ ದೂರವೇನಿಲ್ಲ. ಅಪ್ಪ ಹೇಳುತ್ತಿದ್ದಾರೆ, ಇದೆಲ್ಲ ಯಾಕೆ, ಇನ್ನೂ ಆಳಕ್ಕೆ ಕೊರೆಸಿಬಿಡೋಣ, ಆಳದ ನೀರು ಶುದ್ಧ ಇರುತ್ತದೆ ಅಂತ. ಅದು ಸರಿಯಾ?

ಕಲ್ಲುಪದರ

ಆಳದ ನೀರಿನ ಬಗ್ಗೆ ನಾನು ಹೇಳುತ್ತೇನೆ, ಅಂತರ್ಜಲ ನನ್ನ ಕೆಲಸ. ಕೊರೆಸುವ ಮೊದಲು ಬಂದು ಕೇಳಿದಿರಿ, ಒಳ್ಳೆಯದಾಯಿತು.

ಆಳದಲ್ಲಿ ನೈಟ್ರೇಟ್ ಕಡಿಮೆ ಇರುವುದು ನಿಜ, ಸಾಮಾನ್ಯವಾಗಿ. ಕಾರಣ ಎರಡು. ಒಂದು, ಮೇಲಿನ ನೀರು ಅಲ್ಲಿಗೆ ಇನ್ನೂ ತಲುಪಿರುವುದಿಲ್ಲ. ಇಂಗ್ಲೆಂಡಿನ ಚಾಕ್ ಎಂಬ ಮೆತ್ತನೆ ಸುಣ್ಣಕಲ್ಲಿನ ಪದರದಲ್ಲಿ ನೈಟ್ರೇಟ್ ವರ್ಷಕ್ಕೆ ಸುಮಾರು ಒಂದು ಮೀಟರ್ ಮಾತ್ರ ಕೆಳಗಿಳಿಯುತ್ತದೆ. ನಲವತ್ತು ಮೀಟರ್ ಕೆಳಗೆ ನೀರಿದ್ದರೆ ಇವತ್ತು ಬಾವಿಗೆ ಬರುತ್ತಿರುವುದು ನಲವತ್ತು ವರ್ಷದ ಹಿಂದೆ ಹಾಕಿದ ಗೊಬ್ಬರ. ಯುರೋಪಿನಲ್ಲಿ 1991ರಲ್ಲೇ ನೈಟ್ರೇಟ್ ಕಾನೂನು ತಂದರೂ ಎಷ್ಟೋ ಬಾವಿಗಳ ಅಂಕಿ ಬೇಗ ಇಳಿಯದೇ ಇರಲು ಇದೂ ಒಂದು ಕಾರಣ. ಬಿರುಕು ಬಿಟ್ಟ ಕಲ್ಲಿನಲ್ಲಿ ಕೆಲವೇ ದಿನದಲ್ಲಿ ಇಳಿಯಲೂಬಹುದು. ಎರಡನೇ ಕಾರಣ, ಆಮ್ಲಜನಕ ಇಲ್ಲದ ಆಳದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕವನ್ನು ಬಳಸಿಕೊಂಡು ಅದನ್ನು ನೈಟ್ರೋಜನ್ ಗಾಳಿಯಾಗಿ ಬಿಡುತ್ತವೆ. ನೀರು ತಾನೇ ಶುದ್ಧವಾಗುವ ದಾರಿ ಅದು, ಅದಕ್ಕೆ ಬೇಕಾದ ಇಂಗಾಲವೋ ಗಂಧಕದ ಖನಿಜವೋ ಆ ಪದರದಲ್ಲಿ ಇದ್ದರೆ.

ಆದರೆ ಆಮ್ಲಜನಕ ಇಲ್ಲದ ಅದೇ ಜಾಗದಲ್ಲಿ ಕಬ್ಬಿಣದ ತುಕ್ಕಿನಂಥ ಪೊರೆಗಳು ಕರಗುತ್ತವೆ, ಅವು ಹಿಡಿದಿಟ್ಟುಕೊಂಡ ಆರ್ಸೆನಿಕ್ ಎಂಬ ವಿಷ ನೀರಿಗೆ ಸೇರುತ್ತದೆ. ಬಾಂಗ್ಲಾದೇಶದಲ್ಲಿ ಆದದ್ದು ಇದೇ. ಕೆರೆ ಹೊಳೆಯ ನೀರಿನಿಂದ ಬರುವ ಕಾಯಿಲೆ ತಪ್ಪಿಸಲೆಂದು 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿ ಹಾಕಿಸಿದರು, 1993ರಲ್ಲಿ ಅವುಗಳ ನೀರಿನಲ್ಲಿ ಆರ್ಸೆನಿಕ್ ಇರುವುದು ಗೊತ್ತಾಯಿತು. ಆಮೇಲೆ ಒಂದೊಂದನ್ನೂ ಪರೀಕ್ಷಿಸಿ ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಅಲ್ಲಿ ಆಳ ಕಡಿಮೆ ಇದ್ದ ಬಾವಿಗಳೇ ಕೆಟ್ಟವು, 150 ಮೀಟರಿಗಿಂತ ಆಳದ್ದು ಹೆಚ್ಚಿನವು ಚೆನ್ನಾಗಿವೆ. ಹಾಗಾಗಿ ಅಡಿ ಎಣಿಸಿ ಹೇಳೋಕೆ ಆಗಲ್ಲ, ಯಾವ ಪದರದಲ್ಲಿ ಯಾವ ಖನಿಜ, ಎಷ್ಟು ಆಮ್ಲಜನಕ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಗ್ರಾನೈಟ್ ಕಲ್ಲಿನ ಕಡೆ ಇದ್ದರೆ ಫ್ಲೋರೈಡ್ ನೋಡಬೇಕು. ನಿಮ್ಮಲ್ಲಿ ಈಗ 0.8, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1.5, ಸರಿಯಾಗಿದೆ. ಅದನ್ನು ಹಿಡಿದಿಟ್ಟಿರುವುದರಲ್ಲಿ ನಿಮ್ಮ ನೀರಿನ ಕ್ಯಾಲ್ಸಿಯಂ ಪಾತ್ರವೂ ಇದೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಘನವಾಗಿ ಕೂರುತ್ತದೆ, ತುಂಬಾ ಏರಲು ಬಿಡುವುದಿಲ್ಲ. ಆಳದಲ್ಲಿ ಬಹುಕಾಲ ಕಲ್ಲಿನ ಸಂಗದಲ್ಲಿ ಇದ್ದ ನೀರಿನಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ, ಪಿಎಚ್ ಏರಿರುತ್ತದೆ, ಫ್ಲೋರೈಡ್‌ಗೆ ತಡೆ ಇರುವುದಿಲ್ಲ. ಕುಡಿದರೆ ಮೆತ್ತಗೆ ಹಿತವಾಗಿರುತ್ತದೆ, ಪಾತ್ರೆಯಲ್ಲಿ ಬಿಳಿ ಪೊರೆಯೂ ಇಲ್ಲ, ಎಲ್ಲರಿಗೂ ಖುಷಿ. ಮಕ್ಕಳ ಹಲ್ಲಿನ ಮೇಲೆ ಕಲೆ ಬಂದ ಮೇಲೆ ಎಚ್ಚರ. ಪೂರ್ವ ಆಫ್ರಿಕಾದ ರಿಫ್ಟ್ ಕಣಿವೆಯಲ್ಲಿ ಇಂಥ ಸೋಡಿಯಂ ಬೈಕಾರ್ಬನೇಟ್ ನೀರಿನಿಂದಲೇ ಎಲುಬು ಬಾಗುವ ಮಟ್ಟದ ಫ್ಲೋರೋಸಿಸ್ ಇದೆ.

ಯುರೇನಿಯಂ ಕೂಡ ಪಟ್ಟಿಗೆ ಸೇರಿಸಿ. ನೈಟ್ರೇಟ್ ಜಾಸ್ತಿ ಇರುವ ಕಡೆ ಅದು ಕಲ್ಲಿನೊಳಗಿನ ಯುರೇನಿಯಂ ನೀರಿಗೆ ಬಿಡಲು ಸಹಾಯ ಮಾಡಬಹುದು, ಬೈಕಾರ್ಬನೇಟ್ ಅದನ್ನು ನೀರಿನಲ್ಲೇ ಉಳಿಸುತ್ತದೆ. ಅಮೆರಿಕದ ಹೈ ಪ್ಲೇನ್ಸ್ ಮತ್ತು ಸೆಂಟ್ರಲ್ ವ್ಯಾಲಿ, ಎರಡೂ ದೊಡ್ಡ ಕೃಷಿ ಪ್ರದೇಶ, ಅಲ್ಲಿನ ಬಾವಿಗಳಲ್ಲಿ ಎರಡೂ ಜೊತೆಯಾಗಿ ಏರುವುದನ್ನು 2015ರಲ್ಲಿ ತೋರಿಸಿದರು. ನಿಮ್ಮ 366 ಬೈಕಾರ್ಬನೇಟ್, 84 ನೈಟ್ರೇಟ್ ನೋಡಿ ನನಗೆ ಮೊದಲು ನೆನಪಾದದ್ದೇ ಅದು. ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಆರ್ಸೆನಿಕ್‌ಗೆ 10 ಮೈಕ್ರೋಗ್ರಾಂ. ಈ ಎರಡನ್ನೂ ಮಾಮೂಲಿ ವರದಿಯಲ್ಲಿ ಹಾಕುವುದಿಲ್ಲ, ಕೇಳಿ ಮಾಡಿಸಬೇಕು, ಬಾಟಲಿಯೂ ಬೇರೆ, ಆಮ್ಲ ಹಾಕಿ ಕೊಡುತ್ತಾರೆ.

ಅಪ್ಪನಿಗೆ ಹೀಗೆ ಹೇಳಿ: ಸುತ್ತಮುತ್ತ ಈಗಾಗಲೇ ಅಷ್ಟು ಆಳದ ಬೋರ್ ಯಾರದ್ದಾದರೂ ಇದ್ದರೆ ಮೊದಲು ಅವರ ನೀರಿನ ಪರೀಕ್ಷೆ ಮಾಡಿಸೋಣ. ಕೊರೆಸಲೇಬೇಕಾದರೆ ಮೇಲಿನ ಪದರ ದಾಟುವವರೆಗೆ ಕೇಸಿಂಗ್ ಇಳಿಸಿ ಹೊರಗಿನ ಸಂದಿಗೆ ಸಿಮೆಂಟ್ ತುಂಬಿಸಬೇಕು. ಇಲ್ಲದಿದ್ದರೆ ಮೇಲಿನ ಕೆಟ್ಟ ನೀರಿಗೆ ಆಳಕ್ಕೆ ಹೋಗಲು ನಾವೇ ದಾರಿ ಕೊರೆದ ಹಾಗೆ.

ಮೆಂಬ್ರೇನ್

ಫಿಲ್ಟರ್ ಬಗ್ಗೆ ಯಾರೂ ಬರೆದಿಲ್ಲ, ನಾನು ರಿಪೇರಿ ಕೆಲಸ ಮಾಡುತ್ತೇನೆ. ನೈಟ್ರೇಟ್‌ಗೆ ಮನೆಯಲ್ಲಿ ಕೆಲಸ ಮಾಡುವುದು ಆರ್‌ಒ, ಅಂದರೆ ನೀರನ್ನು ಒತ್ತಡದಿಂದ ತೆಳು ಪೊರೆಯ (ಮೆಂಬ್ರೇನ್) ಮೂಲಕ ಹಾಯಿಸುವ ಮಿಷನ್. ಮೆಂಬ್ರೇನ್ ಚೆನ್ನಾಗಿದ್ದರೆ ನೂರರಲ್ಲಿ 80-90 ಭಾಗ ತೆಗೆಯುತ್ತದೆ. ಗಡಸು ನೀರು ಮೆದು ಮಾಡುವ ಸಾಫ್ಟ್‌ನರ್ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ನೈಟ್ರೇಟ್‌ಗೆ ಸಂಬಂಧವೇ ಇಲ್ಲ. ನೈಟ್ರೇಟ್ ಹಿಡಿಯುವ ಬೇರೆ ರೆಸಿನ್ (ಅಯಾನುಗಳನ್ನು ಹಿಡಿಯುವ ಸಣ್ಣ ಮಣಿಗಳು) ಇದೆ, ಆದರೆ ಸಾಧಾರಣ ರೆಸಿನ್ನಿಗೆ ಸಲ್ಫೇಟ್ ಕಂಡರೆ ಹೆಚ್ಚು ಪ್ರೀತಿ. ತುಂಬಿದ ಮೇಲೆ ಉಪ್ಪು ನೀರಿನಿಂದ ತೊಳೆಯದೆ ಓಡಿಸಿದರೆ ಸಲ್ಫೇಟ್ ಒಳಗೆ ಹೋಗಿ, ಹಿಡಿದಿದ್ದ ನೈಟ್ರೇಟೆಲ್ಲ ಒಟ್ಟಿಗೆ ಹೊರಗೆ ಬರುತ್ತದೆ, ಬೋರಿನ ನೀರಿಗಿಂತ ಜಾಸ್ತಿ.

ಆರ್‌ಒದಲ್ಲೂ ಒಂದು ಕಣ್ಣಿಡಿ. ಹಲವು ಮಿಷನ್ನುಗಳಲ್ಲಿ ರುಚಿ ಬರಲಿ ಅಂತ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದಷ್ಟು ಮೆಂಬ್ರೇನ್ ದಾಟದ ನೀರು ಶುದ್ಧ ನೀರಿಗೆ ಬೆರೆಯುತ್ತದೆ. ಕಾಲು ಭಾಗ ಬೆರೆತರೆ ನಿಮ್ಮ ನೀರು ಹತ್ತರ ಆಸುಪಾಸಿನ ಬದಲು ಮೂವತ್ತರ ಹತ್ತಿರ ಬರುತ್ತದೆ. ನೈಟ್ರೇಟ್ ಇರುವ ಮನೆಯಲ್ಲಿ ಅದನ್ನು ಪೂರ್ತಿ ಮುಚ್ಚಿ. ಹೊರಗೆ ಬಿಡುವ ನೀರಿನಲ್ಲಿ ನೈಟ್ರೇಟ್ ಇನ್ನೂ ಗಟ್ಟಿಯಾಗಿರುತ್ತದೆ, ಬೋರಿನ ಬುಡಕ್ಕೆ ಬಿಡಬೇಡಿ, ಗಿಡಕ್ಕೆ ಹರಿಸಿ.

ಹೊಲದಂಚು

ಎಲ್ಲರೂ ಹೇಳಿದ್ದನ್ನು ಮಾಡಿ ಈಗ ಬರೆಯುತ್ತಿದ್ದೇನೆ. ನೈಟ್ರೇಟ್ ಪಟ್ಟಿ ಬಂತು. ಬೆಳಗ್ಗೆ ಮೋಟರ್ ಹಾಕಿದ ಮೊದಲ ನಿಮಿಷದ ನೀರಿಗೆ ಅದ್ದಿದರೆ ಸರಿಯಾಗಿ 100ರ ಗುಲಾಬಿ. ಹತ್ತು ನಿಮಿಷಕ್ಕೂ ಅದೇ. ಒಂದು ಗಂಟೆ ಆದ ಮೇಲೆ 50ಕ್ಕೂ 100ಕ್ಕೂ ನಡುವೆ, 50ರ ಕಡೆಗೇ ಹತ್ತಿರ. ಮೂರು ಪಟ್ಟಿಗಳನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು ಅಪ್ಪನನ್ನು ಕರೆದೆ. ಅವರು ತುಂಬಾ ಹೊತ್ತು ನೋಡಿ, ಏನೂ ಹೇಳದೆ ಎದ್ದು ಹೋಗಿ ಬೋರಿನ ಸುತ್ತ ಹಾರೆಯಿಂದ ಕೆದಕಿದರು. ಕೇಸಿಂಗ್ ಪಕ್ಕ ಕೈ ಹೋಗುವಷ್ಟು ಪೊಳ್ಳು ಇತ್ತು.

ಇನ್ನೊಂದು ವಿಷಯ ಮೆಂಬ್ರೇನ್ ಅವರಿಗೆ. ಮಗುವಿಗೆ ನಾವು ಅಕ್ಕನ ಮನೆಯ ಆರ್‌ಒ ನೀರು ತರುತ್ತಿದ್ದೆವು, ಅವರದ್ದೂ ಹೊಲದ ಬೋರೇ. ಅದಕ್ಕೂ ಪಟ್ಟಿ ಅದ್ದಿದೆ, 25ರ ಬಣ್ಣ ಬಂತು. ಮಿಷನ್ ಮುಚ್ಚಳ ತೆಗೆದು ನೋಡಿದರೆ ನೀವು ಹೇಳಿದ ಸ್ಕ್ರೂ ಅರ್ಧಕ್ಕೆ ತೆರೆದಿತ್ತು. ಮುಚ್ಚಿ, ಎರಡು ಟ್ಯಾಂಕ್ ನೀರು ಚೆಲ್ಲಿ ಮತ್ತೆ ಅದ್ದಿದೆ, 10ರ ಗುಲಾಬಿಗಿಂತ ತಿಳಿ.

ಕಟ್ಟೆಯ ಕೆಲಸ ಸೋಮವಾರ ಶುರು, ತಿಪ್ಪೆಯನ್ನು ಅಪ್ಪನೇ ಸಾಗಿಸುತ್ತಿದ್ದಾರೆ. ಇ.ಕೋಲಿ ಬಾಟಲಿ, ಆರ್ಸೆನಿಕ್ ಮತ್ತು ಯುರೇನಿಯಂ ಬಾಟಲಿ ತಂದಿಟ್ಟಿದ್ದೇನೆ, ನಾಳೆ ಬೆಳಗ್ಗೆ ಹಿಡಿದು ಐಸ್ ಜೊತೆ ನೇರ ಒಯ್ಯುತ್ತೇನೆ. ಅಂಕಿ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ, ಮೇಡಂ ಹೇಳಿಕೊಟ್ಟ ತಕ್ಕಡಿ ಲೆಕ್ಕವನ್ನು ಈ ಸಲ ನಾನೇ ಮಾಡಿ ನೋಡುತ್ತೇನೆ, ತಪ್ಪಿದ್ದರೆ ತಿದ್ದಿ.